ಸೋಡಾದ ಉರಿ

"ಕೈ ಹಿಂದಕ್ಕ ಕಟ್ಕೊಳ್ಳಲೇ ಭಾಡ್ಯಾ. ಹೊತ್ತ ಹೊಂಟರ ಸಾಕು, ನಿಮ್ಮ ದರಿದ್ರ ಕೈ ನೋಡಬೇಕು ನಾ. ಉಂಡದ್ದು ಬಾಯಿಗೆ ಬರ್ತೈತಿ."

ಕಾಶಪ್ಪ ಸಾವ್ಕಾರ ಬಣ್ಣದ ಮನೆಯ ಹೊಸ್ತಿಲ ಮೇಲೆ ನಿಂತು ಹೀಗೆಂದಾಗ ಹುಚ್ಚೇಶ ನೂಲಿನ ಲಡಿಯನ್ನು ನೀಲಿಯ ತೊಟ್ಟಿಗೆ ಅದ್ದುತ್ತಿದ್ದ. ಕೈ ಹಿಂದೆ ಕಟ್ಟಿಕೊಂಡರೆ ಲಡಿ ತೊಟ್ಟಿಯ ತಳ ಸೇರುತ್ತದೆ, ಕಟ್ಟಿಕೊಳ್ಳದಿದ್ದರೆ ಸಾವ್ಕಾರನ ನಾಷ್ಟಾ ಹೊರಗೆ ಬರುತ್ತದೆ. ಯಾವುದು ದೊಡ್ಡ ಹಾನಿ ಎಂದು ಅರೆಗಳಿಗೆ ಯೋಚಿಸಿದ ಹುಚ್ಚೇಶ ಲಡಿಯನ್ನು ಕೋಲಿಗೆ ಸಿಕ್ಕಿಸಿ, ಮೊಣಕೈವರೆಗೆ ನೀಲಿಯಾಗಿದ್ದ ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದ. ಇದ್ದೊಂದು ಬಿಳಿ ಅಂಗಿಯ ಬೆನ್ನು ನೀಲಿಯಾಯಿತು.

"ಯುಗಾದಿಗೆ ನಾಕ ದಿನ ಉಳದಾವ," ಎಂದ ಸಾವ್ಕಾರ. "ಪಾಡ್ಯಾದ ದಿನ ತೊಟ್ಟಿ ಪೂಜಿ ಮಾಡಾಕ ನಾ ಬರೂದ್ರಾಗ ನಿಮ್ಮವ್ವ ಇಲ್ಲಿ ಇರಬಾರ್ದು. ಜೀಪ ಕಳಸ್ತೇನಿ. ದೊಡ್ಡರೋಗದವರ ದವಾಖಾನಿಗೆ ಒಯ್ದು ಒಗದ ಬರ್ತಾರ. ಆಗೂದಿಲ್ಲಂದ್ರ ನೀನೂ ನಡಿ, ಹೆಂಡ್ತಿನ್ನೂ ಕರಕೊಂಡು ನಡಿ. ಗುಡಸಲಾ ನಂದು, ಜಾಗಾನೂ ನಂದು."

"ನಮ್ಮವ್ವಗ ದೊಡ್ಡರೋಗ ಅಲ್ರಿ ಯಪ್ಪಾ. ಅದು ಸೋಡಾದ ಉರಿ..."

"ಡಾಕ್ಟರ ಆಗ್ಯಾನ ಸೂಳಿಮಗ," ಎಂದು ಸಾವ್ಕಾರ ಎಡಗೈಯಿಂದ ಬಲ ಮಣಿಕಟ್ಟನ್ನು ಪರಪರ ಕೆರೆದುಕೊಳ್ಳುತ್ತ ಹೊರಟುಹೋದ. ಅವನು ಕೆರೆದುಕೊಂಡದ್ದನ್ನು ಹುಚ್ಚೇಶ ಕಂಡ. ಕಂಡರೂ ಅದರಲ್ಲಿ ಏನೂ ಕಾಣಲಿಲ್ಲ, ಯಾಕೆಂದರೆ ಹುಚ್ಚೇಶ ಆಗ ನಿಜವಾಗಿಯೂ ಡಾಕ್ಟರನಾಗಿದ್ದ.

ಬಾಗಲಕೋಟೆ ಹೊಸ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಊರಿಗೆ ಜಿಲ್ಲೆ ಬಂತು, ಇಳಕಲ್ಲಿನ ಹೊರಗಿನ ಈ ಕೇರಿಗೆ ತುರಿಕೆ ಬಂತು. ದಸರೆಯ ಹೊತ್ತಿಗೆ ಮೊದಲು ಹುಚ್ಚೇಶನ ತಾಯಿ ಮರೆವ್ವ ಕೆರೆದುಕೊಳ್ಳತೊಡಗಿದಳು, ಆಮೇಲೆ ಹೆಂಡತಿ ಚಂದವ್ವ, ಆಮೇಲೆ ಹುಚ್ಚೇಶ, ದೀಪಾವಳಿಯ ಹೊತ್ತಿಗೆ ಇಡೀ ಕೇರಿ. ಬಣ್ಣದ ಮನೆಯಲ್ಲಿ ಹದಿನೆಂಟು ವರ್ಷ ತೆಗೆದವನೆಂದು ಎಲ್ಲರೂ ಅವನನ್ನೇ ಕೇಳಿದರು. ಅವನು ಒಬ್ಬೊಬ್ಬರ ಕೈಯನ್ನೂ ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ, ಗಂಭೀರವಾಗಿ ಹೇಳಿದ: "ಇದು ಕಾಸ್ಟಿಕ್ ಸೋಡಾದ ಉರಿ. ಮಜ್ಜಿಗಿ ಹಚ್ರಿ."

ಅವನು ಹಾಗೆ ಹೇಳಲು ಕಾರಣವಿತ್ತು. ನೀಲಿ ನೂಲಿಗೆ ಹತ್ತಬೇಕಾದರೆ ತೊಟ್ಟಿಗೆ ಸೋಡಾ ಬೀಳಲೇಬೇಕು, ಸೋಡಾ ಬಿದ್ದ ತೊಟ್ಟಿಯಲ್ಲಿ ಕೈಯಿಟ್ಟವನಿಗೆ ಉರಿ ತಪ್ಪಿದ್ದಲ್ಲ. ಬಣ್ಣದವರಿಗೆ ಕೈಯ ಮೇಲೆ ಏನೆದ್ದರೂ ಅದು ಸೋಡಾದಿಂದಲೇ ಎದ್ದದ್ದು. ಅದರ ಮೇಲೆ ಹುಚ್ಚೇಶನ ಕೈಗೆ ತನ್ನದೇ ಬಣ್ಣವೊಂದು ಇದ್ದದ್ದು ಅವನಿಗೇ ಮರೆತುಹೋಗಿತ್ತು. ಗುಳ್ಳೆ ಎದ್ದರೂ ನೀಲಿ, ಕಜ್ಜಿಯಾದರೂ ನೀಲಿ. ಕೇರಿ ಮಜ್ಜಿಗೆ ಹಚ್ಚಿತು. ಕುಡಿಯಲು ಸಿಗದ ಮಜ್ಜಿಗೆಯನ್ನು ಮೈಗೆ ಹಚ್ಚಿಸಿದ ಖ್ಯಾತಿ ಅವನದು.

ಅವನ ತಾಯಿ ಮಾತ್ರ ಬಣ್ಣದ ತೊಟ್ಟಿಯ ಹತ್ತಿರ ಒಮ್ಮೆಯೂ ಬಂದವಳಲ್ಲ. ಅವಳ ಕೆಲಸ ಸಾವ್ಕಾರನ ಮನೆಯಲ್ಲಿ, ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಿ ನೀರೆರೆಯುವುದು. ಹಿತ್ತಲ ಬಾಗಿಲಿನಿಂದ ಒಳಗೆ, ಹಿತ್ತಲ ಬಾಗಿಲಿನಿಂದ ಹೊರಗೆ, ಬಚ್ಚಲಿನ ಆಚೆ ಕಾಲಿಡುವಂತಿಲ್ಲ. ತೊಟ್ಟಿ ನೋಡದವಳಿಗೆ ಸೋಡಾ ಹೇಗೆ ಹತ್ತೀತು ಎಂದು ಯಾರಾದರೂ ಕೇಳಬಹುದಿತ್ತು. ಚಂದವ್ವ ಕೇಳಿಯೂ ಇದ್ದಳು. "ನನ್ನ ಧೋತರದಿಂದ ಹತ್ತೇತಿ, ನಿನಗೇನ ತಿಳೀತೈತಿ," ಎಂದು ಡಾಕ್ಟರ ಬಾಯಿ ಮುಚ್ಚಿಸಿದ್ದ.

ಆಮೇಲೆ ಸಾವ್ಕಾರನ ಹೆಂಡತಿ ಗುರುಲಿಂಗವ್ವ, ಮುದುಕಿ ಕೆರೆದುಕೊಳ್ಳುವುದನ್ನು ನೋಡಲಾರದೆ, ಮಗಳ ಕೂಸಿಗೆ ತಂದಿದ್ದ ಟ್ಯೂಬೊಂದನ್ನು ಹಿತ್ತಲ ಕಟ್ಟೆಯ ಮೇಲಿಟ್ಟು, "ಇದನ್ನ ತಿಕ್ಕೋ ಮರೆವ್ವ, ತಂಪ ಆಗ್ತೈತಿ," ಎಂದಳು. ತಂಪಾಯಿತು. ಒಂದು ಮುಗಿದರೆ ಇನ್ನೊಂದು ಕೊಟ್ಟಳು. ಸಂಕ್ರಾಂತಿಯ ಹೊತ್ತಿಗೆ ಮರೆವ್ವ ಕೆರೆದುಕೊಳ್ಳುವುದನ್ನೇ ಬಿಟ್ಟಳು. ಹುಚ್ಚೇಶ ಕೇರಿಯ ಕಟ್ಟೆಯ ಮೇಲೆ ಕೂತು, "ನೋಡ್ರೆಪಾ, ನಮ್ಮವ್ವಗ ಪೂರಾ ಬಿಟ್ಟೈತಿ. ಎಲ್ಲಾ ಮಜ್ಜಿಗಿ ಗುಣ," ಎಂದು ಮೀಸೆ ತಿರುವಿದ. ಆ ಕಟ್ಟೆಯ ಮೇಲೆ ಕೂತ ತನ್ನನ್ನು ನೆನೆದರೆ ಈಗಲೂ ಅವನಿಗೆ ತನ್ನ ಕಪಾಳಕ್ಕೆ ತಾನೇ ಬಾರಿಸಿಕೊಳ್ಳಬೇಕು ಎನಿಸುತ್ತದೆ.

ತುರಿಕೆ ಹೋದಲ್ಲಿ ಮರೆವ್ವನ ಚರ್ಮ ದಪ್ಪವಾಗತೊಡಗಿತು. ಬೆರಳ ಸಂದಿ, ಮೊಣಕೈ, ಅಂಗಾಲುಗಳಲ್ಲಿ ಬೂದಿಯ ಬಣ್ಣದ ಹೆಕ್ಕಳಿಕೆ ಕಟ್ಟಿತು. ಕೌದಿ ಝಾಡಿಸಿದರೆ ಹೊಟ್ಟು ಉದುರುತ್ತಿತ್ತು. ಹೆಕ್ಕಳಿಕೆ ಸೀಳಿ ಕೀವಾಯಿತು, ಸಂಜೆಯಾದರೆ ಜ್ವರ. ಆ ಕೈ ಸಾವ್ಕಾರನ ಕಣ್ಣಿಗೆ ಬಿದ್ದದ್ದೇ ಅವನು ತನ್ನ ಜೀಪಿನಲ್ಲಿ ಸರಕಾರಿ ಡಾಕ್ಟರನನ್ನು ಕರೆಸಿದ.

ಡಾಕ್ಟರ ಮೈಸೂರ ಕಡೆಯವನು. ಬಣ್ಣದ ಮನೆಯ ಚಪ್ಪರದ ನೆರಳಲ್ಲಿ ನಿಂತ. ಮರೆವ್ವನನ್ನು ಹತ್ತು ಮಾರು ದೂರ ಬಿಸಿಲಲ್ಲಿ ಕೂರಿಸಿದರು. ಡಾಕ್ಟರನ ಹಿಂದೆ ರಿಜಿಸ್ಟರ ಹಿಡಿದುಕೊಂಡು ನರ್ಸಬಾಯಿ ಅಲೀಮಾ ನಿಂತಿದ್ದಳು. ಆ ತಿಂಗಳು ಮನೆಮನೆಗೆ ಹೋಗಿ ಕುಷ್ಠರೋಗಿಗಳನ್ನು, ಊರವರ ಮಾತಿನಲ್ಲಿ ದೊಡ್ಡರೋಗದವರನ್ನು, ಹುಡುಕುವ ಕೆಲಸ ಅವಳದಾಗಿತ್ತು.

"ಕೈ ಎತ್ತು," ಎಂದ ಡಾಕ್ಟರ, ಕರವಸ್ತ್ರ ಮೂಗಿಗೆ ಹಿಡಿದು. "ತಿರುಗಿಸು. ಪಾದ ತೋರಿಸು. ಸಾಕು. ಎಷ್ಟು ವರ್ಷದಿಂದ ಇದೆ?"

"ಆರ ತಿಂಗಳ ಆತ್ರಿ ಯಪ್ಪಾ."

"ಸುಳ್ಳು ಹೇಳಬೇಡ. ಇದು ಹತ್ತು ವರ್ಷದ್ದು. ಮುಚ್ಚಿಟ್ಟಿದ್ದೀರಿ. ನಿಮ್ಮಂಥವರಿಂದಲೇ ಊರು ಹಾಳಾಗೋದು."

"ಹತ್ರ ಬಂದು ಒಮ್ಮೆ ನೋಡ್ರೆಲಾ ಸಾಹೇಬ್ರ," ಎಂದ ಹುಚ್ಚೇಶ.

"ನನಗೆ ಹೆಂಡತಿ ಮಕ್ಕಳಿದ್ದಾರೆ," ಎಂದ ಡಾಕ್ಟರ. ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಕುಷ್ಠ ಎಂದು ಎರಡು ಸಾಲು ಬರೆದು ಸಾವ್ಕಾರನ ಕೈಗೆ ಕೊಟ್ಟ. ಹುಚ್ಚೇಶನಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಸುಳ್ಳು ಹೇಳುವುದರಲ್ಲಿ ಇವನೂ ತನ್ನ ಜಾತಿಯವನೇ. ತಾನು ಸೋಡಾ ಎಂದದ್ದಕ್ಕೂ ಇವನು ಕುಷ್ಠ ಎಂದದ್ದಕ್ಕೂ ಏನು ಫರಕು? ಇಷ್ಟೇ, ತಾನು ಕೈ ಮುಟ್ಟಿ ಸುಳ್ಳು ಹೇಳಿದ್ದ, ಇವನು ಮುಟ್ಟದೆ ಹೇಳಿದ.

ಮರುದಿನ, ಸಾವ್ಕಾರ ಬಣ್ಣದ ಮನೆಯ ಹೊಸ್ತಿಲಲ್ಲಿ ನಿಂತು ಬೈದು ಹೋದ ಮೇಲೆ, ಅಲೀಮಾ ಒಬ್ಬಳೇ ನಡೆದುಕೊಂಡು ಬಂದಳು. ಮರೆವ್ವನ ಹೆಸರನ್ನು ರಿಜಿಸ್ಟರಿಗೆ ಏರಿಸಿಕೊಂಡು ಹೋಗಲು ಬಂದವಳು ಗುಡಿಸಲ ಮುಂದೆ ನಿಂತೇಬಿಟ್ಟಳು. ಅಲ್ಲಿ ಚಂದವ್ವ ಕೈ ತೊಳೆಯುತ್ತಿದ್ದಳು. ಗಂಡ ತಾಯಿಯ ಚಿಂತೆಯಲ್ಲಿ ಕೂತಿದ್ದನೆಂದು ಅವತ್ತು ತಾನೇ ಹೋಗಿ ಲಡಿ ಹಿಂಡಿ ಬಂದಿದ್ದಳು. ನೀಲಿಯ ಗುಣ ವಿಚಿತ್ರ, ತೊಟ್ಟಿಯೊಳಗೆ ಹಳದಿ ಹಸಿರು, ಹೊರಗೆ ಗಾಳಿ ಬಡಿದ ಮೇಲೆಯೇ ನೀಲಿಯಾಗುವುದು. ಸಾಬೂನು ಹಚ್ಚಿ ತೊಳೆದ ಮೇಲೆ ಚಂದವ್ವನ ಅಂಗೈ ಬೆಳ್ಳಗಾಗಿತ್ತು. ಆದರೆ ಗಾಳಿ ಬಡಿದಂತೆ ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ ಸಣ್ಣ ಸಣ್ಣ ನೀಲಿ ಗೆರೆಗಳು ಎದ್ದವು. ಒಂದೊಂದೂ ಅಕ್ಕಿಕಾಳಿನುದ್ದ, ಸೊಟ್ಟ ಸೊಟ್ಟ.

"ತಡಿ, ಒರಸಬ್ಯಾಡ," ಎಂದಳು ಅಲೀಮಾ. ಚಂದವ್ವನ ಕೈ ಹಿಡಿದು ಬಿಸಿಲಿಗೆ ತಿರುಗಿಸಿದಳು. ಸರಕಾರದವರು ಮುಟ್ಟಿದ್ದು ಅದೇ ಮೊದಲಾದ್ದರಿಂದ ಚಂದವ್ವ ಬೆಚ್ಚಿ ಕೈ ಎಳೆದುಕೊಳ್ಳಲು ನೋಡಿದಳು. "ಎಲ್ಲೆಲ್ಲಿ ತುರಸ್ತೈತಿ?"

"ಬೆರಳ ಸಂದ್ಯಾಗ್ರಿ ಬಾಯಾರ. ಮಣಿಕಟ್ಟಿಗೆ, ನಡಕ್ಕ, ಹೊಕ್ಕಳ ಸುತ್ತ. ಕೌದಿ ಹೊತ್ಕೊಂಡ್ರ ಜೀವಾ ಹೋಗ್ತೈತಿ."

"ಅದು ಸೋಡಾದ ಉರಿರಿ," ಎಂದು ಒಳಗಿನಿಂದ ಡಾಕ್ಟರ ಹುಚ್ಚೇಶ ತನ್ನ ಅಭಿಪ್ರಾಯ ಕೊಟ್ಟ.

"ಸೋಡಾ ಹತ್ತಿದ್ರ ಕೈ ಉರೀಬೇಕಪಾ. ಹೊಕ್ಕಳ ಯಾಕ ತುರಸ್ತೈತಿ? ಹೊಕ್ಕಳಾನೂ ತೊಟ್ಟಿಗೆ ಅದ್ದತೀಯೇನ?"

ಚಂದವ್ವ ಆರು ತಿಂಗಳಲ್ಲಿ ಮೊದಲ ಸಲ ನಕ್ಕಳು. ಹುಚ್ಚೇಶ ಎದ್ದು ಹೊರಗೆ ಬಂದ. ಅಲೀಮಾ ಚಂದವ್ವನ ರವಿಕೆಗೆ ಸಿಕ್ಕಿಸಿದ್ದ ಸೂಜಿ ಇಸಿದುಕೊಂಡು, ಒಂದು ನೀಲಿ ಗೆರೆಯ ತುದಿಯನ್ನು ಮೆಲ್ಲಗೆ ಕೆದಕಿ, ಸೂಜಿಮೊನೆಯನ್ನು ಬೋರಲು ಹಾಕಿದ್ದ ಕರಿ ಹಂಚಿಗೆ ಒರೆಸಿದಳು. "ನೋಡ್ರಿ ಈಗ."

ಹಂಚಿನ ಮೇಲೆ ಬಿಳಿ ಚುಕ್ಕೆಯೊಂದು ಇತ್ತು. ಮೂವರೂ ಬಗ್ಗಿ ನೋಡಿದರು. ಚುಕ್ಕೆ ಸರಿಯಿತು.

"ಕಜ್ಜಿ ಹುಳ," ಎಂದಳು ಅಲೀಮಾ. "ಚರ್ಮದಾಗ ಬಿಲಾ ತೋಡ್ತೈತಿ. ನಿಮ್ಮ ಬಣ್ಣ ಆ ಬಿಲದಾಗ ಇಳದು ಗೆರಿ ಆಗೈತಿ. ನಮ್ಮ ಟ್ರೇನಿಂಗದಾಗ ಶಾಯಿ ಹಚ್ಚಿ ತೋರಸಿದ್ರು. ನೀವು ದಿನಾ ಕೈ ಅದ್ದೂ ಮಂದಿ, ಆರ ತಿಂಗಳ ಕಾಣಲಿಲ್ಲೇನ?"

ಕಾಣಲಿಲ್ಲ. ಪರೀಕ್ಷೆಯ ಶಾಯಿಯನ್ನೇ ಮೊಣಕೈತನಕ ಬಳಿದುಕೊಂಡು ಹುಚ್ಚೇಶ ಊರವರಿಗೆಲ್ಲ ಮಜ್ಜಿಗೆ ಹಂಚಿದ್ದ.

ಅಲೀಮಾ ಒಳಗೆ ಹೋಗಿ ಮರೆವ್ವನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಕಣ್ಣು ಮುಚ್ಚಲು ಹೇಳಿ, ಪೆನ್ನಿನ ಮೊನೆಯಿಂದ ಅಂಗಾಲು ಚುಚ್ಚಿದಳು, ಅಂಗೈ ಚುಚ್ಚಿದಳು. "ಚುಚ್ಚಿದ್ದು ಗೊತ್ತಾತೇನ ಆಯಿ?"

"ಚುಚ್ಚಿ ಮ್ಯಾಲೆ ಕೇಳ್ತಿಯಲ್ಲ ತಂಗಿ. ಗೊತ್ತಾಗಲಾರದ ಏನ."

"ದೊಡ್ಡರೋಗ ಆಗಿದ್ರ ಗೊತ್ತಾಗ್ತಿದ್ದಿಲ್ಲ," ಎಂದಳು ಅಲೀಮಾ ಹುಚ್ಚೇಶನ ಕಡೆ ತಿರುಗಿ. ಹೆಕ್ಕಳಿಕೆಯ ಒಂದು ಚೂರನ್ನು ಎಣ್ಣೆ ಹಚ್ಚಿ ಬಿಡಿಸಿ ಹಂಚಿನ ಮೇಲೆ ಉದುರಿಸಿದಳು. ಚಂದವ್ವನ ಕೈಯಿಂದ ಬಂದದ್ದು ಒಂದು ಚುಕ್ಕೆ. ಇಲ್ಲಿ ಎಣಿಸಲು ಬರದಷ್ಟು ಇದ್ದವು. ಆಮೇಲೆ ಮುದುಕಿಯ ಪಕ್ಕದಲ್ಲಿ ಬಿದ್ದಿದ್ದ, ಗುರುಲಿಂಗವ್ವ ಕೊಟ್ಟ ಟ್ಯೂಬನ್ನು ಎತ್ತಿ ಓದಿದಳು. "ನಿಮ್ಮ ಮೈಮ್ಯಾಲೆ ಹತ್ತ ಹನ್ನೆರಡ ಹುಳ ಇರಬಹುದು. ಆಯಿ ಮೈಮ್ಯಾಲೆ ಸಾವಿರಾರು. ಈ ಟ್ಯೂಬ್ ತುರಕಿ ಅಷ್ಟ ಅಡಗಸ್ತೈತಿ, ಹುಳಾ ಸಾಯೂದಿಲ್ಲ, ಹೆಚ್ಚಗಿ ಆಗ್ತಾವ. ತುರಕಿ ನಿಂತಿದ್ದ ನೀವು ಗುಣಾ ಆತಂತ ತಿಳದೀರಿ. ಅವತ್ತ ಹೆಕ್ಕಳಿಕಿ ನೋಡಿ ತೋರಸಿದ್ರ ವಾರದಾಗ ಹೋಗ್ತಿತ್ತು. ಈಗ ಕೀವ ಆಗೈತಿ, ಜ್ವರಾ ಐತಿ. ಇನ್ನೊಂದ ತಿಂಗಳ ಹಿಂಗ ಬಿಟ್ಟಿದ್ರ ನಂಜು ನೆತ್ತರಿಗೆ ಏರಿ ಆಯಿ ಉಳೀತಿರಲಿಲ್ಲ."

ಹುಚ್ಚೇಶ ತಾಯಿಯ ಮುಖ ನೋಡಲಾರದೆ ಹಂಚನ್ನು ನೋಡುತ್ತ ಕೂತ. ಅವನಿಗೆ ಅಳು ಬಂತು, ಅತ್ತ. ಮರೆವ್ವ ಆ ಬೂದಿಗೈಯನ್ನು ಅವನ ತಲೆಯ ಮೇಲಿಡಲು ಎತ್ತಿ, ಹುಳದ ನೆನಪಾಗಿ, ಮತ್ತೆ ಮಡಿಲಿಗೆ ಎಳೆದುಕೊಂಡಳು. "ಸಾವ್ಕಾರ್ರ ಮಗಳು ಸೊಲ್ಲಾಪುರದಿಂದ ಹಡೀಲಾಕ ಬಂದಾಗನ ಕೆರಕೋತ ಬಂದಿದ್ಲು," ಎಂದಳು. "ನೀರ ಬದ್ಲಿ ಆಗೇತಿ ಅಂದ್ರು. ನಾ ಏನ ಕೇಳಲಿ. ಕೂಸಿನ ಅಂಗಾಲ ತುಂಬ ಗುಳ್ಳಿ."

ಅಲೀಮಾ ದವಾಖಾನೆಯಿಂದ ಬಿಳಿ ಔಷಧದ ಬಾಟಲಿಗಳನ್ನೂ ನಂಜಿನ ಗುಳಿಗೆಗಳನ್ನೂ ಚೀಲದಲ್ಲಿ ಹೊತ್ತು ತಂದಳು. ಕುತ್ತಿಗೆಯಿಂದ ಪಾದದವರೆಗೆ, ಮುದುಕಿಗೆ ನೆತ್ತಿಯಿಂದ. ಎಲ್ಲರೂ ಒಂದೇ ದಿನ, ವಾರ ಬಿಟ್ಟು ಮತ್ತೊಮ್ಮೆ. ಕೌದಿ, ಸೀರೆ, ಧೋತರ ಎಲ್ಲ ಕುದಿಸಬೇಕು. ಕೇರಿಯಲ್ಲಿ ಅಷ್ಟು ದೊಡ್ಡ ಪಾತ್ರೆ ಇದ್ದದ್ದು ಒಂದೇ, ಸಾವ್ಕಾರನ ಬಣ್ಣದ ಹಂಡೆ. ಹುಚ್ಚೇಶ ಯಾರನ್ನೂ ಕೇಳದೆ ಕುದಿಸಿದ. ಹಂಡೆಯ ತಳದಲ್ಲಿದ್ದ ಹಳೆಯ ಕೆಂಪು ಕರಗಿ ಇಡೀ ಕೇರಿಯ ಕೌದಿ ಒಂದೇ ಬಣ್ಣವಾಯಿತು. ಯಾರ ಕೌದಿ ಯಾರದೆಂದು ಜಗಳ ಬಿಡಿಸುವುದರಲ್ಲಿ ಒಂದು ಹೊತ್ತು ಹೋಯಿತು.

"ಖರೆ ಮಾತ ಹೇಳಲಾ?" ಎಂದಳು ಅಲೀಮಾ ಹೊರಡುವಾಗ. "ಆ ದೊಡ್ಡ ಮನಿಯವರೂ ಇವತ್ತ ಹಚ್ಚಕೋಬೇಕು. ಒಂದ ಮನಿ ಉಳದ್ರೂ ತಿರುಗಿ ಬರ್ತೈತಿ."

ಅವಳೇ ಹೋಗಿ ಹೇಳಿ ಬಂದಳು. ಬಂದಾಗ ಅವಳ ಮುಖ ಇಷ್ಟು ಸಣ್ಣದಾಗಿತ್ತು. "ದಿನಾ ಎರಡ ಸಲ ಜಳಕಾ ಮಾಡೂ ಮಂದಿ ನಾವು, ಕೇರಿ ಕಜ್ಜಿ ನಮಗ ಹಚ್ಚಾಕ ಬಂದಿಯೇನ ಅಂದ್ರು. ಡಾಕ್ಟರ ಬರದ ಕೊಟ್ಟದ್ದಕ್ಕ ನರ್ಸ ಏನ ಹೇಳೂದು ಅಂದ್ರು. ನಾ ರಿಜಿಸ್ಟರದಾಗ ಕಜ್ಜಿ ಅಂತನ ಬರೀತೇನಿ, ನೌಕರಿ ಹೋದ್ರ ಹೋಗಲಿ. ಆದ್ರ ಜೀಪ ನಿಲ್ಲಸಾಕ ನನ್ನ ಕೈಲೆ ಆಗೂದಿಲ್ಲಪಾ."

ಅವಳ ಹಿಂದೆಯೇ ದೊಡ್ಡ ಮನೆಯಿಂದ ಕರೆ ಬಂತು: ಮುದುಕಿ ಬರುವಂತಿಲ್ಲವಾದ್ದರಿಂದ ಹಬ್ಬದ ಮರುದಿನದಿಂದ ಕೂಸಿಗೆ ನೀರೆರೆಯಲು ಚಂದವ್ವ ಬರಬೇಕು, ಹಿತ್ತಲ ಬಾಗಿಲಿಗೆ. ತಾಯಿ ಜೀಪಿಗೆ, ಹೆಂಡತಿ ಹುಳದ ಬಾಯಿಗೆ. ಹುಚ್ಚೇಶ ಬಣ್ಣದ ಮನೆಗೆ ಹೋದ. ತೊಟ್ಟಿಗೆ ನೀಲಿ ಹಾಕಿ ಹದ ಮಾಡಿದ, ಅಷ್ಟೇ.

ಪಾಡ್ಯದ ಮುಂಜಾನೆ ತೊಟ್ಟಿಗೆ ಮಾವಿನ ತೋರಣ ಕಟ್ಟಿದ್ದರು. ನೇಕಾರರು, ಕಂಡಿಕೆ ಸುತ್ತುವ ಹೆಂಗಸರು, ಕೇರಿಯವರು ಎಲ್ಲ ಅಂಗಳದಲ್ಲಿ ನೆರೆದಿದ್ದರು. ಹೊರಗೆ ಜೀಪು ನಿಂತಿತ್ತು. ಅದರ ಪಕ್ಕದಲ್ಲಿ ಮರೆವ್ವ ಗಂಟು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದಳು. ಪೂಜೆ ಮುಗಿದದ್ದೇ ಒಯ್ಯಬೇಕೆಂದು ಡ್ರೈವರ ಅಬ್ದುಲಸಾಬನಿಗೆ ಅಪ್ಪಣೆಯಾಗಿತ್ತು.

ಆ ಬಣ್ಣದ ಮನೆಯಲ್ಲಿ ಸಾವ್ಕಾರನ ಅಜ್ಜನ ಕಾಲದಿಂದ ಒಂದು ನೇಮ ಇತ್ತು. ಹೊಸ ವರ್ಷದ ಮೊದಲ ಲಡಿಯನ್ನು ಸಾವ್ಕಾರ ತನ್ನ ಕೈಯಾರೆ ಅದ್ದಬೇಕು. ಒಂದು ತುದಿ ಅವನು, ಇನ್ನೊಂದು ತುದಿ ಬಣ್ಣದ ಆಳು. ಆ ಲಡಿ ತೊಟ್ಟಿಯ ತಳ ಮುಟ್ಟಿದರೆ ವರ್ಷವಿಡೀ ಧಂದೆ ಮುಳುಗುತ್ತದೆಂಬ ಭಯ. ಕಾಶಪ್ಪ ಸಾವ್ಕಾರ ಪ್ರತಿವರ್ಷ ಎರಡು ಬೆರಳ ತುದಿಯಲ್ಲಿ ನೂಲು ಹಿಡಿದು, ಉಗುರಿಗೂ ಬಣ್ಣ ತಾಗದಂತೆ ಅದ್ದಿ ಎತ್ತುತ್ತಿದ್ದ.

ಈ ಸಲವೂ ಹಾಗೆಯೇ ಹಿಡಿದ. ನೀರು ಕುಡಿದು ಲಡಿ ಭಾರವಾಗುವವರೆಗೆ ಹುಚ್ಚೇಶ ಕಾದ. ಆಮೇಲೆ ಅವನ ಕೈ ಜಾರಿತು. ಬಿಳಿ ಔಷಧದ ಜಿಡ್ಡಿಗೆ ಜಾರಿತೆಂದು ಅವನು ಮುಂದೆ ಎಷ್ಟೋ ದಿನ ಹೇಳಿಕೊಂಡು ತಿರುಗಿದ, ಅದನ್ನು ಅವನ ಹೆಂಡತಿಯೂ ನಂಬಲಿಲ್ಲ. ಲಡಿ ತಳಕ್ಕೆ ಹೊರಟಿತು. ಸಾವ್ಕಾರ ಗಾಬರಿಯಾಗಿ ಎರಡೂ ಕೈಯಿಂದ ಬಾಚಿ ಹಿಡಿದ. ಮಣಿಕಟ್ಟು ದಾಟಿ ಕೈ ಮುಳುಗಿದವು.

"ನಿಮ್ಮೌನ, ಹಿಡಿಯಾಕ ಬರೂದಿಲ್ಲೇನಲೇ."

"ತಪ್ಪಾತ್ರಿ ಯಪ್ಪಾ. ಸಾಬೂನ ಇಲ್ಲೈತಿ, ಲಗೂನ ತೊಳಕೊಳ್ರಿ. ಲಗೂನ ತೊಳದ್ರ ಹೋಗ್ತೈತಿ."

ಸಾವ್ಕಾರ ತಿಕ್ಕಿ ತಿಕ್ಕಿ ತೊಳೆದ. ಹೋಯಿತು. ಹಳದಿ ಹಸಿರು ನೀರು ಇಳಿದು ಕೈ ಬೆಳ್ಳಗಾದವು. ಟವೆಲಿನಿಂದ ಒರೆಸಿಕೊಂಡು, ಹುಚ್ಚೇಶನ ಕುಲವನ್ನೆಲ್ಲ ಒಮ್ಮೆ ಬೈದು, ಬೇವು ಬೆಲ್ಲಕ್ಕೆ ಕೈ ಚಾಚಿದ. ಸೊಂಟದ ಮೇಲೆ ಕೂಸನ್ನು ಎತ್ತಿಕೊಂಡಿದ್ದ ಗುರುಲಿಂಗವ್ವ ತಾಟು ಮುಂದೆ ಹಿಡಿದವಳು ಅಲ್ಲೇ ನಿಂತಳು. ಗಾಳಿ ತನ್ನ ಕೆಲಸ ಮಾಡುತ್ತಿತ್ತು.

"ಏನ್ರಿ ಇದು," ಎಂದಳು.

ಬೆರಳ ಸಂದಿಯಲ್ಲಿ ಒಂದು ಗೆರೆ. ಇನ್ನೊಂದು. ಮಣಿಕಟ್ಟಿನ ಒಳಮೈಯಲ್ಲಿ ಐದಾರು. ಎಲ್ಲರೂ ನೋಡುತ್ತಿದ್ದಂತೆ ನೀಲಿ ಕಪ್ಪಾಗುತ್ತ ಹೋಯಿತು. ಕೇರಿಯವರಿಗೆ ಆ ಗೆರೆಯ ಗುರುತು ಹೇಳಿಕೊಡಬೇಕಾಗಿರಲಿಲ್ಲ. ಮೂರು ದಿನದಿಂದ ಅವರೆಲ್ಲ ತಂತಮ್ಮ ಕೈ ಅದ್ದಿ ಅದನ್ನೇ ನೋಡಿಕೊಂಡಿದ್ದರು. ಚಂದವ್ವ ತನ್ನ ಕೈ ಮುಂದೆ ಚಾಚಿ ಸಾವ್ಕಾರನ ಕೈಯ ಪಕ್ಕಕ್ಕೆ ತಂದಳು, ಮುಟ್ಟದಷ್ಟು ದೂರದಲ್ಲಿ. ಒಂದೇ ಗೆರೆ, ಒಂದೇ ಉದ್ದ.

"ಇದು... ಇದು ಸೋಡಾದ ಉರಿ," ಎಂದ ಸಾವ್ಕಾರ.

ಹುಚ್ಚೇಶನಿಗೆ ನಗು ತಡೆಯಲಾಗಲಿಲ್ಲ. ತೊಟ್ಟಿಯ ಕಟ್ಟೆ ಹಿಡಿದುಕೊಂಡು ನಕ್ಕ, ಕಣ್ಣಲ್ಲಿ ನೀರು ಬಂತು. "ಖರೆರಿ ಸಾವ್ಕಾರ್ರ, ನಾನೂ ಆರ ತಿಂಗಳ ಇದನ್ನ ಹೇಳೀನಿ. ಇದ್ದೂರಾಗ ನನ್ನಂಥಾ ಬೆಪ್ಪ ಇನ್ನೊಬ್ಬ ಇಲ್ಲಂತ ತಿಳದಿದ್ದೆ. ಜೋಡಿ ಸಿಕ್ತು. ಮಜ್ಜಿಗಿ ಹಚ್ರಿ."

ಯಾರೂ ನಗಲಿಲ್ಲ. ಗುರುಲಿಂಗವ್ವ ಕೂಸಿನ ಅಂಗಾಲು ಮೇಲೆತ್ತಿ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ತಾಟನ್ನು ಕಟ್ಟೆಯ ಮೇಲಿಟ್ಟು, ಗಂಡನ ಮುಖ ನೋಡದೆ, ಜೀಪಿನ ಪಕ್ಕದಲ್ಲಿ ಕೂತಿದ್ದ ಮುದುಕಿಯ ಹತ್ತಿರ ಹೋದಳು.

"ಮರೆವ್ವ, ಆ ಬಿಳಿ ಔಷಧಾ ಕೂಸಿಗೂ ಹಚ್ಚಬಹುದೇನ?"

"ನರ್ಸಬಾಯಿನ್ನ ಕೇಳ್ರೆವ್ವ," ಎಂದಳು ಮರೆವ್ವ. "ನನ್ನ ಮಗನ್ನ ಮಾತ್ರ ಕೇಳಬ್ಯಾಡ್ರಿ."

ಸಾವ್ಕಾರ ಸುತ್ತ ನೋಡಿದ. ನೂರು ಕಣ್ಣು ಅವನ ಮಣಿಕಟ್ಟಿನ ಮೇಲಿದ್ದವು. ಅವನು ಟವೆಲು ಹುಡುಕಿದ, ಅದು ಕೆಳಗೆ ಬಿದ್ದಿತ್ತು. ಬಗ್ಗಿ ಎತ್ತಿಕೊಳ್ಳಲು ಮನಸ್ಸಾಗದೆ ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದ.

"ಇವನ ಗುಡಸಲಾ ಕಿತ್ತ ಒಗೀರಿ," ಎಂದ. "ಇವತ್ತ. ಈಗಿಂದೀಗ." ಅಂಗಳದಲ್ಲಿ ನಿಂತವರು ಯಾರೂ ಅಲುಗಲಿಲ್ಲ, ಕಿತ್ತೊಗೆಯುವುದಿಲ್ಲ ಎಂದೂ ಯಾರೂ ಹೇಳಲಿಲ್ಲ.

ಅಬ್ದುಲಸಾಬ ಪೂಜೆ ಮುಗಿಯಿತೆಂದು ಜೀಪು ಚಾಲೂ ಮಾಡಿ, ತಲೆ ಹೊರಗೆ ಹಾಕಿದ. "ಕಜ್ಜಿ ಪೇಷಂಟ ಯಾರ್ರಿ ಸಾವ್ಕಾರ್ರ? ಯಾರನ್ನ ಒಯ್ಯೂದು?"

ಹುಚ್ಚೇಶ ಜೀಪಿನತ್ತ ನಡೆದ. ಅವನ ನೀಲಿ ಕೈ ಬೀಸುತ್ತಿದ್ದವು. ತಾಯಿಯ ಮಡಿಲಿನ ಗಂಟನ್ನು ಎತ್ತಿ ಚಂದವ್ವನ ಕೈಗೆ ಕೊಟ್ಟ. ಜೀಪಿನ ಹಿಂದಿನ ಬಾಗಿಲು ತೆಗೆದು, ಪಕ್ಕಕ್ಕೆ ಸರಿದು, ಬೀಗರನ್ನು ಕರೆಯುವಷ್ಟು ನಯವಾಗಿ ಹೇಳಿದ:

"ಬರ್ರಿ ಸಾವ್ಕಾರ್ರ. ಕೈ ಮಾತ್ರ ಮುಂದ ತಗೀರಿ. ಏರಾಕ ಹಿಡಕೋಬೇಕಾಗ್ತೈತಿ."